ಕಲ್ಲುಹೂವು ಮೇಲಕ್ಕಿರಬೇಕು

ಬೆಟ್ಟದ ಹೆಸರು ಬರೆಯುವುದಿಲ್ಲ. ಬರೆದರೆ ಮುಂದಿನ ಶನಿವಾರ ಇನ್ನೂ ನಾಲ್ಕು ವ್ಯಾನು ಬಂದು ನಿಲ್ಲುತ್ತವೆ. ಇಳಿದವರೆಲ್ಲ ಮೊಬೈಲು ಹಿಡಿದು ಹತ್ತುತ್ತಾರೆ. ಹತ್ತಿದವರೆಲ್ಲ ಒಂದೊಂದು ಕಲ್ಲು ಎತ್ತುತ್ತಾರೆ. ಪಾಂಡವಪುರದಲ್ಲಿ ನಾವಿರುವ ಬಾಡಿಗೆ ಮನೆಯ ತಾರಸಿಯಿಂದ ಕಾಣುವ ಬೆಟ್ಟ ಎಂದಷ್ಟೇ ಹೇಳುತ್ತೇನೆ. ಬಟ್ಟೆ ಒಣಹಾಕುವಾಗ ದಿನವೂ ಕಣ್ಣಿಗೆ ಬೀಳುತ್ತದೆ. ದೂರಕ್ಕೆ ಬರೀ ಬೋಳು ಬಂಡೆ. ಏನು ಮಾಡಿದರೂ ತಡೆಯುತ್ತದೆ ಎಂದು ಜನ ಅಂದುಕೊಂಡಿರುವುದು ಅದಕ್ಕೇ.

ಹತ್ತಿರ ಹೋದರೆ ಹಾಗಲ್ಲ. ನೆತ್ತಿಯ ಮೇಲೊಂದು ಪುಟ್ಟ ಗುಡಿ. ಗುಡಿಯ ಮುಂದೆ ಬಂಡೆ ಇಳಿಜಾರಾಗಿ ಹೋಗಿ ಒಂದು ದೊಣೆಯಲ್ಲಿ ಮುಗಿಯುತ್ತದೆ. ದೊಣೆ ಎಂದರೆ ಬಂಡೆಯೇ ತಗ್ಗಾಗಿ ಮಳೆನೀರು ನಿಲ್ಲುವ ಕೊಳ. ದೇವರ ಅಭಿಷೇಕಕ್ಕೆ ಅದೇ ನೀರು. ಗುಡಿಗೂ ದೊಣೆಗೂ ನಡುವೆ, ಬಂಡೆಯ ಮೇಲೆ, ನಾಲ್ಕು ಬೆರಳು ದಪ್ಪದ ಮಣ್ಣಿದೆ. ಅಷ್ಟೇ ಮಣ್ಣು. ಅದನ್ನು ಜಾರದಂತೆ ಹಿಡಿದಿರುವುದು ಅಲ್ಲಲ್ಲಿ ಅರ್ಧ ಹೂತು ಕೂತ, ತೆಂಗಿನಕಾಯಿ ಗಾತ್ರದ ಕಲ್ಲುಗಳು. ಮುಂಗಾರು ಬಿದ್ದ ಮೇಲೆ ಆ ಮಣ್ಣಿನಲ್ಲಿ ಸಾಸಿವೆ ಕಾಳಿನಷ್ಟು ಸಣ್ಣ ನೀಲಿ ಹೂಗಳು ಬಿಡುತ್ತವೆ. ಹುಲ್ಲಿನ ಸಂದಿಯಲ್ಲಿ ಇನ್ನೊಂದು ಗಿಡ, ಕೆಂಪಗೆ, ರೋಮದ ತುದಿಗಳಲ್ಲೆಲ್ಲ ಅಂಟು ಹನಿ ಹೊತ್ತು, ನೊಣಕ್ಕಾಗಿ ಕಾಯುತ್ತಾ ಇರುತ್ತದೆ. ನೋಡಬೇಕಾದರೆ ಮಂಡಿಯೂರಬೇಕು. ಕಾನ್ವೆಂಟಿನಲ್ಲಿ ನಮಗೆ ಗಿಡಮರ ತೋರಿಸುತ್ತಿದ್ದ ಸಿಸ್ಟರ್ ಒಬ್ಬರು, ಕೈ ಹಿಂದೆ ಕಟ್ಟಿಕೊಂಡೇ ನೋಡಬೇಕು ಎನ್ನುತ್ತಿದ್ದರು. ಕೈ ಮುಂದೆ ಬಂದರೆ ಕೀಳುತ್ತದೆ ಎಂದು ಅವರ ವಾದ. ಈ ವಯಸ್ಸಿನಲ್ಲೂ ನನ್ನ ಕೈ ತಾನಾಗಿಯೇ ಹಿಂದಕ್ಕೆ ಹೋಗುತ್ತದೆ.

ಬೇರೆಯವರ ಕೈ ಹೋಗುವುದಿಲ್ಲ. ಸ್ವಂತ ಮನೆ ಬೇಕೆನ್ನುವವರು ಬೆಟ್ಟದ ಮೇಲೆ ಕಲ್ಲಿನ ಮೇಲೆ ಕಲ್ಲು ಜೋಡಿಸಿಟ್ಟು ಬೇಡಿಕೊಳ್ಳುವುದು ನಮ್ಮ ಕಡೆ ಎಲ್ಲರೂ ಬಲ್ಲ ವಿಷಯ. ಮೊದಲು ಅಲ್ಲೊಂದು ಇಲ್ಲೊಂದು ಇರುತ್ತಿತ್ತು. ಯಾರೋ ಇಲ್ಲಿ ಕಲ್ಲಿಟ್ಟ ಮೇಲೆ ಮನೆಯಾಯಿತು ಎಂದು ಮೊಬೈಲಿನಲ್ಲಿ ಹೇಳಿಕೊಂಡರು ನೋಡಿ, ಆ ಬೇಸಿಗೆ ಇಳಿಜಾರಿನ ತುಂಬ ಕಲ್ಲಿನ ಗೋಪುರಗಳು. ಎತ್ತಲು ಸುಲಭವಾಗಿ ಸಿಗುವ ಕಲ್ಲು ಯಾವುದು? ಮಣ್ಣು ಹಿಡಿದು ಕೂತಿರುವುದೇ.

ಮೊದಲ ಜೋರು ಮಳೆಯ ಮರುದಿನ ಹತ್ತಿದ್ದೆ. ಕಲ್ಲು ಕಿತ್ತ ಜಾಗದಲ್ಲೆಲ್ಲ ಮಣ್ಣಿನ ಅಂಚು, ಹೆಂಚಿನಿಂದ ಎದ್ದ ದೋಸೆಯಂತೆ ಸುರುಳಿಯಾಗಿ ಮೇಲೆದ್ದಿತ್ತು. ಅದರ ಕೆಳಗೆ ನೀರು ಹರಿದು ಬಂಡೆ ಬೆಳ್ಳಗೆ ಕಾಣುತ್ತಿತ್ತು. ಅರ್ಚಕರು ದೊಣೆಯ ಮೆಟ್ಟಿಲ ಮೇಲೆ ಕೂತು ಹಿತ್ತಾಳೆ ಬಿಂದಿಗೆಯ ಬಾಯಿಗೆ ಬಿಳಿ ವಸ್ತ್ರ ಕಟ್ಟಿ ನೀರು ಸೋಸುತ್ತಿದ್ದರು. ವಸ್ತ್ರದಲ್ಲಿ ರಾಗಿ ಅಂಬಲಿಯಂತೆ ಕೆಸರು.

"ನಮ್ಮ ತಂದೆಯವರು ಈ ನೀರನ್ನ ಯಾವತ್ತೂ ಸೋಸಿದೋರಲ್ಲಮ್ಮ," ಎಂದರು. "ಇನ್ನೆರಡು ಮಳೆ ಹಿಂಗೇ ಬಿದ್ರೆ ದೊಣೆ ಹೂತೇ ಹೋಗುತ್ತೆ. ಕೆಳಗಿಂದ ಕ್ಯಾನ್ ನೀರು ಹೊತ್ತು ತಂದು ಸ್ವಾಮಿಗೆ ಹಾಕ್ಬೇಕಾಗುತ್ತೆ."

ನಮ್ಮ ಊರಿನ ಮಹಿಳಾ ಸಮಾಜದಲ್ಲಿ ವಿಷಯ ಎತ್ತಿದೆ. ನಮ್ಮ ಅಧ್ಯಕ್ಷೆ ಆಗತಾನೇ ಹಿಮಾಲಯದ ಕಡೆ ಯಾತ್ರೆ ಮುಗಿಸಿ ಬಂದಿದ್ದರು. ಅಲ್ಲಿ ಹಿಮದಂಚಿನ ಹುಲ್ಲುಗಾವಲಿನಲ್ಲಿ ಗೈಡು ಯಾರನ್ನೂ ಹುಲ್ಲಿನ ಮೇಲೆ ಕಾಲಿಡಲು ಬಿಡಲಿಲ್ಲವಂತೆ, ಕಲ್ಲು ಜೋಡಿಸಲು ಹೋದವರಿಗೆ ಬೈದನಂತೆ, ಚಾಕೊಲೇಟಿನ ಕಾಗದವನ್ನೂ ಜೇಬಿನಲ್ಲಿಟ್ಟುಕೊಂಡೇ ಇಳಿಯಬೇಕಂತೆ. "ಎಷ್ಟು ಶಿಸ್ತು ಕಣ್ರೀ! ನಮ್ಮ ಜನಕ್ಕೆ ಎಲ್ಲಿ ಬರ್ಬೇಕು?" ಎಂದರು. ನನಗೆ ಧೈರ್ಯ ಬಂತು. ಮರುದಿನವೇ ಅವರನ್ನು ಬೆಟ್ಟಕ್ಕೆ ಕರೆದುಕೊಂಡು ಹೋದೆ. ಅವರು ನೇರವಾಗಿ ನೀಲಿ ಹೂವಿನ ನಡುವೆ ಹೋಗಿ ನಿಂತು, "ಒಂದು ಫೋಟೋ ತೆಗೀರಿ, ಹಿಂದೆ ದೊಣೆ ಬರ್ಲಿ," ಎಂದರು.

"ಮೇಡಂ, ಹುಲ್ಲು," ಎಂದೆ.

"ಪರವಾಗಿಲ್ಲ, ಸೀರೆ ಒದ್ದೆ ಆದ್ರೂ ಆಗ್ಲಿ," ಎಂದರು.

ಶನಿವಾರಗಳಂದು ಮೇಲೆ ನಿಂತು ಬಂದವರಿಗೆ ತಿಳಿಹೇಳುವ ಕೆಲಸ ನನ್ನ ಪಾಲಿಗೆ ಬಂತು. ಕಾನ್ವೆಂಟಿನಲ್ಲಿ ಓದಿದವಳು, ಮೆತ್ತಗೆ ಮಾತಾಡುತ್ತಾಳೆ, ಯಾರಿಗೂ ನೋವಾಗುವುದಿಲ್ಲ ಎಂಬುದು ಸಮಾಜದ ಅಭಿಪ್ರಾಯ. ಮನೆಯಲ್ಲಿ ಅತ್ತೆಯ ಅಭಿಪ್ರಾಯ ಬೇರೆ. "ಊರೋರೆಲ್ಲ ಕಲ್ಲಿಟ್ಟು ಮನೆ ಕಟ್ಕೊಂಡ್ರು. ನೀನು ಕಲ್ಲು ಇಡಬೇಡಿ ಅನ್ನೋಕೆ ಹೋಗ್ತಿದ್ದೀಯ. ಇನ್ನು ಈ ಬಾಡಿಗೆ ಮನೇಲೇ ನನ್ನ ಕಣ್ಣು ಮುಚ್ಚೋದು ಬಿಡು," ಎಂದು ಹುರುಳಿಕಾಯಿ ನಾರು ಬಿಡಿಸುತ್ತಾ ಹೇಳಿದರು.

ಮೊದಲ ಶನಿವಾರ ನಾಗಮಂಗಲದ ಕಡೆಯ ಒಂದು ವ್ಯಾನಿನವರು ಸಿಕ್ಕಿದರು. ನಾನು ಸೆರಗು ಸರಿ ಮಾಡಿಕೊಂಡು, "ದಯವಿಟ್ಟು ಆ ಕಲ್ಲನ್ನು ಅಲ್ಲೇ ಬಿಡ್ತೀರಾ? ಅದರ ಕೆಳಗೆ ಮಣ್ಣಿದೆ," ಎಂದೆ.

ಕಲ್ಲು ಹಿಡಿದಿದ್ದವರು ತಿರುಗಿ ನೋಡಿದರು. "ಮಣ್ಣಿರ್ದೆ ಇನ್ನೇನ್ ಮೇಡಂ ಇರ್ತದೆ? ಅಷ್ಟ್ ದೂರದಿಂದ ಬಂದು ಒಂದ್ ಕಲ್ ಎತ್ತಬ್ಯಾಡ ಅಂದ್ರೆ ಎಂಗೆ? ಬೆಟ್ಟ ಏನ್ ನಿಮ್ ಸ್ವಂತದ್ದಾ?"

"ನಮಗೆ ಸ್ವಂತ ಮನೆಯೂ ಇಲ್ಲ, ಬಾಡಿಗೆ," ಎಂದು ಬಾಯಿತಪ್ಪಿ ಹೇಳಿಬಿಟ್ಟೆ.

"ಅಂಗನ್ನಿ ಮತ್ತೆ! ಲೇ, ಮೇಡಮ್ಗೂ ಒಂದ್ ಒಳ್ಳೆ ಕಲ್ ನೋಡ್ಲಾ!" ಎಂದು ಜೊತೆಯವನಿಗೆ ಕೂಗಿದರು. ಆತ ಐದನೆಯ ಕಲ್ಲು ಏರಿಸುತ್ತಿದ್ದ. "ಐದ್ ಯಾಕ್ಲಾ, ನಿನ್ ಸೈಟಿಗೆ ಎರಡ್ ಅಂತಸ್ತೇ ಎಚ್ಚು," ಎಂದು ಇವರೆಂದರೆ, "ಮೇಲಿನ್ವು ಬಾಡಿಗೆಗೆ ಬುಡ್ತೀನಿ ಕಣ್ಲಾ," ಎಂದು ಅವನು. ಎಲ್ಲರೂ ನಕ್ಕರು. ನನಗೂ ನಗು ಬಂತು. ಕಲ್ಲುಗಳು ಮಾತ್ರ ಗೋಪುರದಲ್ಲೇ ಉಳಿದವು.

ಬೋರ್ಡು ಹಾಕಿಸೋಣ ಎಂದಾಯಿತು. ಕಲ್ಲುಗಳನ್ನು ಜೋಡಿಸಬಾರದೆಂದು ನಾನೇ ಚಂದದ ಕನ್ನಡದಲ್ಲಿ ಬರೆದುಕೊಟ್ಟೆ. ಬಂಡೆಯಲ್ಲಿ ಗುಂಡಿ ತೋಡುವಂತಿಲ್ಲವಲ್ಲ, ಕಬ್ಬಿಣದ ಕಂಬ ಗಾಳಿಗೆ ಬೀಳದಂತೆ ನಿಲ್ಲಿಸುವುದು ಹೇಗೆ? ಬೋರ್ಡು ತಂದವರು ಸುತ್ತ ಕಣ್ಣಾಡಿಸಿ, ಮಣ್ಣಿನ ಅಂಚಿನಿಂದಲೇ ಕಲ್ಲುಗಳನ್ನು ಕಿತ್ತು, ಕಂಬದ ಬುಡಕ್ಕೆ ಸೊಂಟದೆತ್ತರ ಜೋಡಿಸಿ ಹೋಗಿದ್ದರು. ಮುಂದಿನ ಶನಿವಾರ ಬಂದವರು ಕಲ್ಲಿಡಬೇಕಾದ ಜಾಗ ಇದೇ ಎಂದುಕೊಂಡು ಅದಕ್ಕೆ ಇನ್ನಷ್ಟು ಸೇರಿಸಿದರು. ಬೋರ್ಡಿನ ತಲೆಯ ಮೇಲೂ ಒಂದು ಸಣ್ಣ ಕಲ್ಲಿತ್ತು, ಅದಕ್ಕೊಂದು ಸೇವಂತಿಗೆ.

ಅಲ್ಲಿಂದ ಮುಂದೆ ನಾನು ಮಾತು ಬಿಟ್ಟು ಕೈ ಮುಂದೆ ತಂದೆ. ಶುಕ್ರವಾರ ಬೆಳಗ್ಗೆ ತಿಂಡಿ ಮುಗಿಸಿ, ಸಮಾಜದ ಇಬ್ಬರನ್ನು ಕರೆದುಕೊಂಡು ಹತ್ತುತ್ತಿದ್ದೆ. ಬೋರ್ಡಿನ ರಾಶಿಯಿಂದ ಮೊದಲು ಮಾಡಿ, ಗೋಪುರಗಳನ್ನು ಬಿಡಿಸಿ ಕಲ್ಲನ್ನು ಇದ್ದಲ್ಲಿಗೇ ಮರಳಿಸುವುದು ಕೆಲಸ. ಎಲ್ಲಿಂದ ಎತ್ತಿದ್ದು ಎಂದು ಹೇಗೆ ತಿಳಿಯಬೇಕು? ಅದು ಕಲ್ಲಿನಲ್ಲೇ ಇರುತ್ತದೆ. ಬಿಸಿಲಿಗೆ ಮುಖ ಮಾಡಿದ್ದ ಮೇಲ್ಭಾಗದಲ್ಲಿ ಕಲ್ಲುಹೂವು ಹಿಡಿದಿರುತ್ತದೆ, ಮಸಾಲೆಗೆ ಹಾಕುತ್ತೇವಲ್ಲ, ಅದರ ಜಾತಿಯದೇ, ಬೂದಿ ಹಸಿರಿನ ಚಕ್ಕೆ. ಮಣ್ಣಿನಲ್ಲಿದ್ದ ತಳ ಕಪ್ಪಗಿರುತ್ತದೆ, ಬೇರಿನ ಎಳೆ ಅಂಟಿರುತ್ತದೆ. ಎರಡಕ್ಕೂ ನಡುವೆ ಮಣ್ಣಿನ ಮಟ್ಟ ಎಲ್ಲಿತ್ತೆಂದು ತೋರಿಸುವ ಗೆರೆ. ತಳದ ಆಕಾರ ನೋಡಿ ಗುಳಿ ಹುಡುಕಬೇಕು. ಡಬ್ಬಕ್ಕೆ ಮುಚ್ಚಳ ಹುಡುಕುವ ಹಾಗೆ. ಸರಿಯಾದದ್ದು ಸಿಕ್ಕರೆ ಕಲ್ಲು ಅಲ್ಲಾಡದೆ ಕೂರುತ್ತದೆ. ಕಲ್ಲುಹೂವು ಮೇಲಕ್ಕೆ ಬರಬೇಕು. ತಲೆಕೆಳಗಾಗಿ ಇಟ್ಟರೆ ಅದು ಸಾಯುತ್ತದೆ, ಮತ್ತೆ ಅಷ್ಟು ಹರಡಲು ನಮ್ಮ ಆಯಸ್ಸು ಸಾಲುವುದಿಲ್ಲ. ಎತ್ತುವ ಮೊದಲು ಕೋಲಿನಿಂದ ತಟ್ಟಬೇಕು, ಚೇಳು ಇರುತ್ತವೆ. ಗುಳಿಗಳಲ್ಲಿ ನಿಲ್ಲದೆ ಬಂಡೆಯ ಮೇಲೆಯೇ ನಡೆಯಬೇಕು. ಇಷ್ಟನ್ನೂ ನಾವು ಮಾಡುತ್ತಾ ಮಾಡುತ್ತಾ ಕಲಿತದ್ದು.

ಅಂಚಿನ ಒಂದು ಗೋಪುರದ ತಳದ ಕಲ್ಲಿಗೆ ಯಾರೋ ಅರಿಶಿನ ಕುಂಕುಮ ಇಟ್ಟಿದ್ದರು. ಅದನ್ನು ಬಿಡಿಸುವಾಗ ನನ್ನ ಕೈ ತಡೆಯಿತು. ಗುಳಿ ಹುಡುಕಿ, ಎರಡೂ ಕೈಯಿಂದ ಹಿಡಿದು, ಮಗುವನ್ನು ಮಲಗಿಸುವ ಹಾಗೆ ಕೂರಿಸಿದೆ.

ಅಷ್ಟು ಮಾಡಿ ಇಳಿದರೆ ಮರುದಿನ ಏನಾಯಿತು? ಬಂದವರು, "ನೋಡಿ, ಜಾಗ ಖಾಲಿ ಮಾಡಿ ಮಡಗವ್ರೆ ನಮ್ಗೆ," ಎಂದು ಸಂತೋಷದಿಂದ ಹೊಸದಾಗಿ ಶುರು ಮಾಡಿದರು. ಶುಕ್ರವಾರ ನಾವು ಇಳಿಸುವುದು, ಶನಿವಾರ ಅವರು ಏರಿಸುವುದು. ಒಗೆದು ಹಾಕಿದ ಬಟ್ಟೆಯ ಮೇಲೆ ಕಾಗೆ ಕೂತಂತೆ. ಎತ್ತಿ ಇಟ್ಟು ಎತ್ತಿ ಇಟ್ಟು ಗುಳಿಗಳ ಬಾಯಿ ಅಗಲವಾಗತೊಡಗಿತು. ಹಿಂದೆಯೇ ಶ್ರಾವಣ. ಶ್ರಾವಣ ಶನಿವಾರಗಳ ಜನ ಬಂದರೆ ಈ ಮಣ್ಣು ಉಳಿಯುವುದಿಲ್ಲ ಎಂಬುದು ನನಗೆ ಸ್ಪಷ್ಟವಾಗಿ ಕಾಣುತ್ತಿತ್ತು.

ಆಗ ಅಧ್ಯಕ್ಷೆಗೆ ಉಪಾಯ ಹೊಳೆಯಿತು. "ರಂಗೋಲಿ ಹಾಕೋಣ ಕಣ್ರೀ! ರಂಗೋಲಿ ತುಳಿಯೋರು ಯಾರಿದ್ದಾರೆ?"

ಅವರ ಮಾತಿನಲ್ಲಿ ಹುರುಳಿತ್ತು. ಮಣ್ಣಿನ ಸುತ್ತ ಬಂಡೆಯ ಮೇಲೆ ಉದ್ದಕ್ಕೆ ಬಳ್ಳಿ ರಂಗೋಲಿ ಬಂತು. ಬೇಗ ಅಳಿಸದಿರಲಿ ಎಂದು ಪುಡಿಗೆ ಅವರು ಧಾರಾಳವಾಗಿ ಸುಣ್ಣ ಬೆರೆಸಿದ್ದರು. "ಮಳೆ ಬಂದ್ರೆ ಇದು ದೊಣೆಗೇ ಇಳಿಯುತ್ತಲ್ವಾ ಮೇಡಂ?" ಎಂದು ಕೇಳಿದೆ. "ಸುಣ್ಣ ಬಾವಿಗೂ ಹಾಕ್ತಾರೆ, ನೀರು ಶುದ್ಧ ಆಗುತ್ತೆ," ಎಂದರು. ಆ ಶನಿವಾರ ನಿಜವಾಗಿಯೂ ಒಬ್ಬರೂ ಗೆರೆ ದಾಟಲಿಲ್ಲ. ಚಪ್ಪಲಿ ಕೈಯಲ್ಲಿ ಹಿಡಿದು, ರಂಗೋಲಿಗೆ ನಮಸ್ಕಾರ ಮಾಡಿ, ಸುತ್ತಿಕೊಂಡು ಹೋದರು. ನಾನು ಮನೆಗೆ ಬಂದು ಪಾಯಸ ಮಾಡಿದೆ.

ಸೋಮವಾರ ಮಳೆ ಹುಯ್ದಿತು. ಮಂಗಳವಾರ ಹತ್ತಿದರೆ ದೊಣೆಯ ನೀರು ನೀರುಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಅಂಚಿನಲ್ಲಿ ಗೊದಮೊಟ್ಟೆಗಳು ಹೊಟ್ಟೆ ಮೇಲಾಗಿ ತೇಲುತ್ತಿದ್ದವು. ಹಿಂದಿನ ವಾರ ಅವುಗಳಿಗೆ ಹಿಂಗಾಲು ಮೂಡಿದ್ದನ್ನು ನೋಡಿದ್ದೆ. ಅರ್ಚಕರು ಬಿಂದಿಗೆ ಪಕ್ಕಕ್ಕಿಟ್ಟು ಕೂತಿದ್ದರು. ಅವರು ಬೈದಿದ್ದರೆ ಚೆನ್ನಾಗಿತ್ತು.

ನಾನು ಗುಡಿಯ ಕಟ್ಟೆಯ ಮೇಲೆ ಕೂತು ಯೋಚಿಸಿದೆ. ಮನೆಯಲ್ಲಿ ಅನ್ನಕ್ಕೆ ಇಡಬೇಕು. ಅತ್ತೆಗೆ ಮಾತ್ರೆ ಕೊಡಬೇಕು. ಇನ್ನು ಈ ಬೆಟ್ಟದ ಸಹವಾಸ ಸಾಕು.

ಆ ಹೊತ್ತಿಗೆ ಇಳಿಜಾರಿನ ಕಡೆಯಿಂದ ಕೂಗು ಕೇಳಿಸಿತು. "ಇಲ್ಲಿದ್ ನನ್ ಮನೆ ಎಲ್ಲವ್ವಾ?"

ನನಗಿಂತ ಸ್ವಲ್ಪ ಹಿರಿಯ ಹೆಂಗಸು. ಕೆ.ಆರ್. ಪೇಟೆ ಕಡೆಯ ಸಿಂಧಘಟ್ಟದವರಂತೆ. ಕಂಕುಳಲ್ಲಿ ಹೂಕಾಯಿಯ ಚೀಲ. ಹಿಂದೆ ಗಂಡ, ಮಾತಿಲ್ಲದ ಮನುಷ್ಯ, ಟವೆಲಿನಲ್ಲಿ ಕತ್ತು ಒರೆಸುತ್ತಾ ನಿಂತಿದ್ದರು.

"ಯುಗಾದಿ ಆದ್ಮೇಲ್ ಬಂದು ಮೂರ್ ಕಲ್ ಮಡಗಿದ್ದೆ. ತಳದ್ ಕಲ್ಗೆ ಅರಿಶಿನ ಕುಂಕುಮ ಇಟ್ಟಿದ್ದೆ. ಮಡಗಿ ಓದ್ ತಿಂಗ್ಳಿಗೇ ಪಾಯ ಆಯ್ತು. ಆಮೇಲ್ ನಿಂತೋಯ್ತು. ಮೈದ್ನ ಅಡ್ಡ ನಿಂತವ್ನೆ, ಜಾಗ ಅಳೀಬೇಕು ಅಂತವ್ನೆ. ಯಾಕಪ್ಪ ಇಂಗಾಯ್ತು ಅಂತ ಕೇಳಕ್ ಬಂದ್ರೆ ಇಲ್ಲಿ ಕಲ್ಲೇ ಇಲ್ಲ! ಯಾವ್ ಮುಂಡೆ ಕಿತ್ತಾಕಿದ್ದು?"

"ನಾನೇ," ಎಂದೆ.

ಆಕೆ ನನ್ನನ್ನು ಕನ್ನಡಕದಿಂದ ಚಪ್ಪಲಿಯವರೆಗೆ ನೋಡಿದರು. "ನೀನಾ? ನೋಡುದ್ರೆ ಇಷ್ಟ್ ಮೆತ್ತಗಿದ್ದೀಯ!"

"ಬನ್ನಿ, ನಿಮ್ಮ ಕಲ್ಲು ತೋರಿಸ್ತೀನಿ," ಎಂದೆ. ಇಳಿಜಾರಿನ ಕೆಳ ಅಂಚಿಗೆ ಕರೆದುಕೊಂಡು ಹೋದೆ. ಕುಂಕುಮ ಮಳೆಗೆ ಹೋಗಿತ್ತು. ಅರಿಶಿನ ಕಲ್ಲಿನ ಸೀಳುಗಳಲ್ಲಿ ಉಳಿದಿತ್ತು. ಆಕೆ ಕುಕ್ಕರುಗಾಲಲ್ಲಿ ಕೂತು ಕಲ್ಲನ್ನು ಅಲ್ಲಾಡಿಸಲು ನೋಡಿದರು. ಅಲ್ಲಾಡಲಿಲ್ಲ. ಅದರ ಹಿಂದೆ ಬೆರಳಿಟ್ಟು ಮಣ್ಣು ಮುಟ್ಟಿದರು. ಎಳೆ ಹುಲ್ಲು ಎದ್ದಿತ್ತು. ಪಕ್ಕದಲ್ಲೇ, ಕಲ್ಲು ಸಿಗದೆ ನಾವು ಖಾಲಿ ಬಿಟ್ಟಿದ್ದ ಗುಳಿಯಿಂದ ನಿನ್ನೆಯ ಮಳೆ ಕೈಯಗಲದ ಮಣ್ಣನ್ನು ಬಂಡೆಯವರೆಗೆ ಬಳಿದುಕೊಂಡು ಹೋಗಿತ್ತು. ಎರಡನ್ನೂ ಒಮ್ಮೆ ನೋಡಿದರು.

"ಇದ್ ನಿಂತದೆ, ಅದ್ ಕೊಚ್ಕೊಂಡ್ ಓಗದೆ," ಎಂದು ಗಂಡನಿಗೆ ಹೇಳಿದರು. ನನ್ನ ಕಡೆ ತಿರುಗಿ, "ಪಾಯದ್ ಕಲ್ಲೇ ಆಯ್ತಲ್ಲ ಬುಡು," ಎಂದರು.

ನಾನು ಉಸಿರು ಬಿಟ್ಟೆ. ಆಕೆ ಬಿಡಲಿಲ್ಲ.

"ಅದ್ಸರಿ. ಈಗ್ ನಾನ್ ಎಲ್ ಮಡಗ್ಲಿ? ಬೇಡ್ಕಳಕ್ ಒಂದ್ ಜಾಗ ಬ್ಯಾಡ್ವಾ? ಇಲ್ ಬ್ಯಾಡ ಇಲ್ ಬ್ಯಾಡ ಅನ್ನೋಳು, ಎಲ್ಲಿ ಅಂತ ಏಳ್ಬೇಕು ತಾನೆ?"

ಆ ಮಳೆಗಾಲದಲ್ಲಿ ನನ್ನನ್ನು ಯಾರೂ ಕೇಳದೇ ಇದ್ದದ್ದು ಅದೊಂದೇ. ಬೋರ್ಡಿನಲ್ಲಿ ಬೇಡ ಎಂದಿತ್ತು, ರಂಗೋಲಿಯೂ ಬೇಡ ಎಂದೇ ಹೇಳಿತ್ತು, ನಾನು ದಯವಿಟ್ಟು ಸೇರಿಸಿ ಬೇಡ ಎನ್ನುತ್ತಿದ್ದೆ. ಅಷ್ಟು ದೂರದಿಂದ ಆಸೆ ಹೊತ್ತು ಬಂದವರು ಅದನ್ನು ಎಲ್ಲಿ ಇಳಿಸಬೇಕೆಂದು ನಮ್ಮಲ್ಲಿ ಯಾರೂ ಯೋಚಿಸಿರಲಿಲ್ಲ. ತಡೆಯುವ ಕೆಲಸ ಬಿಡೋಣ, ಬೆಟ್ಟದ ಬುಡದಲ್ಲಿ ಜಾಗ ಮಾಡೋಣ ಎಂದು ಅಲ್ಲೇ ತೀರ್ಮಾನಿಸಿದೆ. ಮೆಟ್ಟಿಲು ಶುರುವಾಗುವಲ್ಲಿ ಹಳೆಯ ಕಲ್ಲು ಮಂಟಪವಿದೆ, ಮುಂದೆ ಗಟ್ಟಿ ನೆಲ.

ಅರ್ಚಕರು ಒಪ್ಪಲಿಲ್ಲ. "ಸ್ವಾಮಿ ಇರೋದು ಮೇಲೆ, ಬೇಡ್ಕೊಳೋದು ಕೆಳಗೆ ಅಂದ್ರೆ ಹೇಗಮ್ಮ? ಸಂಪ್ರದಾಯ ಅಂತ ಒಂದಿದೆ."

"ಈ ಕಲ್ಲಿಡೋ ಸಂಪ್ರದಾಯ ನಿಮ್ಮ ತಂದೆಯವರ ಕಾಲದಲ್ಲಿ ಇತ್ತಾ ಸ್ವಾಮಿ?" ಎಂದು ಕೇಳಿದೆ.

ಅವರು ದೊಣೆಯ ಕಡೆ ನೋಡಿದರು. "ಇರ್ಲಿಲ್ಲ," ಎಂದರು.

ಸಿಂಧಘಟ್ಟದ ಅಕ್ಕ ನಡುವೆ ಬಾಯಿ ಹಾಕಿದರು. "ಸ್ವಾಮೇರೆ, ಮನೆ ಕಟ್ಟೋರು ಯಾರಾರ ನೆತ್ತಿಯಿಂದ ಸುರು ಮಾಡ್ತಾರಾ? ಬುಡದಿಂದ್ಲೇ ತಾನೆ?"

ಅರ್ಚಕರಿಗೆ ನಗು ತಡೆಯಲಾಗಲಿಲ್ಲ. ಶನಿವಾರ ಬೆಳಗ್ಗೆ ಮೇಲೆ ಹತ್ತುವ ಮೊದಲು ಮಂಟಪದಲ್ಲಿ ಸಂಕಲ್ಪ ಮಾಡಿಸಿ ಮಂಗಳಾರತಿ ಮಾಡುತ್ತೇನೆ ಎಂದು ಒಪ್ಪಿದರು. ಕಲ್ಲಿಗೇನು ಮಾಡುವುದು? "ನಮ್ ಪಾಯ ಕಟ್ಟಿ ಉಳ್ದಿರೋ ಕಲ್ ಚಕ್ಕೆ ರಾಶಿ ಬಿದ್ದದೆ," ಎಂದರು ಅಕ್ಕ. "ಮನೆ ಬೇಡೋರು ಮನೆ ಕಲ್ಲಲ್ಲೇ ಬೇಡ್ಲಿ. ಏನಂತೀರಿ?" ಗಂಡ ತಲೆಯಾಡಿಸಿದರು. ಶ್ರಾವಣದ ಮೊದಲ ಶನಿವಾರಕ್ಕೆ ಮುಂಚೆಯೇ ಅವರ ಟ್ರಾಕ್ಟರು ಬಂದು ಮಂಟಪದ ಮುಂದೆ ಚಕ್ಕೆ ಸುರಿದು ಹೋಯಿತು. ಅಧ್ಯಕ್ಷೆ ಅದಕ್ಕೆ ಟೇಪು ಕತ್ತರಿಸಿ ಉದ್ಘಾಟನೆ ಮಾಡಿದರು. ಕತ್ತರಿಸಿದ ಟೇಪಿನ ತುಂಡುಗಳನ್ನು ಹೆಕ್ಕಿದ್ದು ನಾನು.

ಎಲ್ಲವೂ ಸರಿಹೋಯಿತೆಂದು ಬರೆಯಲು ಆಸೆಯೇನೋ ಇದೆ. ಹೆಚ್ಚಿನವರು ಕೆಳಗೇ ಇಟ್ಟರು. ಆರತಿ ಅಲ್ಲೇ ಸಿಗುತ್ತಿತ್ತಲ್ಲ. ಕೆಲವರು ಕೆಳಗೂ ಇಟ್ಟು, ಎರಡೆರಡು ಕಡೆ ಇದ್ದರೆ ಗಟ್ಟಿ ಎಂದು ಮೇಲೂ ಒಂದಿಟ್ಟರು. ಇನ್ನು ಕೆಲವರು ಕೆಳಗಿನ ಚಕ್ಕೆಗಳನ್ನೇ ಉಸಿರು ಕಟ್ಟಿಕೊಂಡು ಮೇಲಕ್ಕೆ ಹೊತ್ತು ತಂದರು! ಶ್ರಾವಣವಿಡೀ ಸಿಂಧಘಟ್ಟದ ಅಕ್ಕ ಶನಿವಾರಗಳಂದು ಬಂದು ದೊಣೆಯ ಮೇಲಿನ ಬಂಡೆಯಲ್ಲಿ ಕೂರುತ್ತಿದ್ದರು. ನಾನು "ದಯವಿಟ್ಟು" ಎಂದು ಬಾಯಿ ತೆರೆಯುವಷ್ಟರಲ್ಲಿ ಅವರ ಕೂಗು ಎದುರು ಗುಡ್ಡಕ್ಕೆ ಬಡಿದು ವಾಪಸು ಬರುತ್ತಿತ್ತು. "ಯಾರಣ್ಣಾ ಅದು ಪಾಯ ಕೀಳೋನು? ಇಳ್ಸು ಕೆಳಕ್ಕೆ! ನಿನ್ ಮನೆ ಪಾಯ ಕಿತ್ರೆ ಸುಮ್ಕಿರ್ತೀಯಾ?" ಅಣ್ಣಂದಿರು ಇಳಿಸುತ್ತಿದ್ದರು.

ನಡುವೆ ಒಂದು ಶನಿವಾರ ಅತ್ತೆಯೂ ಆಟೋ ಮಾಡಿಸಿಕೊಂಡು ಬಂದರು. ಮೇಲೆ ಹತ್ತಲು ಮಂಡಿ ಬಿಡುವುದಿಲ್ಲ. ಮಂಟಪದ ಮುಂದೆ ಮೂರು ಚಕ್ಕೆ ಒಂದರ ಮೇಲೊಂದಿಟ್ಟು ಕಣ್ಣು ಮುಚ್ಚಿದರು. "ಅಡುಗೆಮನೆ ಕಿಟಕಿಯಿಂದ ಬೆಟ್ಟ ಕಾಣಿಸ್ಲಿ ಅಂತನೂ ಕೇಳಿದ್ದೀನಿ. ಇಲ್ದೇ ಇದ್ರೆ ನೀನು ಗೃಹಪ್ರವೇಶಕ್ಕೇ ಬರೋದಿಲ್ಲ," ಎಂದರು.

ಹಿಂಗಾರು ಜೋರಾಗಿಯೇ ಆಯಿತು. ಮಳೆ ನಿಂತ ಮೇಲೆ, ಕಾರ್ತಿಕದ ಒಂದು ಬೆಳಗ್ಗೆ ಹತ್ತಿದೆ. ಮೇಲಿನ ಭಾಗದಲ್ಲಿ ಒಂದು ಹಾಸಿಗೆಯಗಲ ಮಣ್ಣು ಹೋಗೇಬಿಟ್ಟಿದೆ. ಅದು ನನ್ನ ಕಾಲದಲ್ಲಿ ಮರಳಿ ಬರುವುದಿಲ್ಲ. ಕೆಳ ಅಂಚು ನಿಂತಿದೆ. ಅರಿಶಿನದ ಕಲ್ಲಿನ ಹಿಂದೆ ಆ ಕೆಂಪು ಗಿಡ ಒಂದು, ಅದರ ಅಂಟಿನಲ್ಲಿ ಒಂದು ಸೊಳ್ಳೆ. ಅಕ್ಕನ ಮನೆಗೆ ಗೋಡೆ ಇನ್ನೂ ಎದ್ದಿಲ್ಲ. ಮೈದುನ ಇನ್ನೂ ಅಳೆಯುತ್ತಲೇ ಇದ್ದಾನಂತೆ.

ಅರ್ಚಕರು ಮೆಟ್ಟಿಲಿಳಿದು ಬಿಂದಿಗೆ ಮುಳುಗಿಸಿದರು. ಎತ್ತಿ, ಬಾಯಿಯನ್ನು ಬೆಳಕಿಗೆ ವಾಲಿಸಿ ಒಳಗೆ ನೋಡಿದರು. ಹೆಗಲ ಮೇಲಿದ್ದ ವಸ್ತ್ರಕ್ಕೆ ಕೈ ಹೋಯಿತು. ಹಾಗೆಯೇ ಹಿಂದಕ್ಕೆ ಬಂತು. ಸೋಸದೆ ಗುಡಿಯೊಳಕ್ಕೆ ನಡೆದರು. ಅಭಿಷೇಕದ ಗಂಟೆ ಕೇಳಿಸಿತು. ನಾನು ಕೈ ಹಿಂದೆ ಕಟ್ಟಿ ನಿಂತು ಕೇಳಿದೆ.

ತಿರುಗಿ ನೋಡಿದರೆ ಜೀನ್ಸ್ ತೊಟ್ಟ ಒಬ್ಬರು, ಅದೇ ಕೆಳ ಅಂಚಿನಲ್ಲಿ ಬಗ್ಗಿ, ಒಂದು ಕಲ್ಲನ್ನು ಮೇಲಕ್ಕೆತ್ತಿದ್ದಾರೆ. ದಯವಿಟ್ಟು ಎನ್ನಲು ಬಾಯಿ ತೆರೆದೆ.

"ಏಯ್, ಯಾರಣ್ಣಾ ಅದು! ಇಳ್ಸು ಕೆಳಕ್ಕೆ!"

ಎದುರು ಗುಡ್ಡದಿಂದ ನನ್ನದೇ ದನಿ ಮರಳಿ ಬಂತು. ಗುಡಿಯೊಳಗಿನ ಗಂಟೆ ಒಂದು ಕ್ಷಣ ನಿಂತಿತು. ಅವರು ಬೆಚ್ಚಿ, "ಸಾರಿ ಆಂಟಿ," ಎಂದು ಕಲ್ಲನ್ನು ಎತ್ತಿದ ಗುಳಿಯಲ್ಲೇ ಇಟ್ಟು, ಸರಸರನೆ ಇಳಿದು ಹೋದರು.

ತಲೆಕೆಳಗಾಗಿ ಇಟ್ಟಿದ್ದರು. ಹೋಗಿ, ಕೋಲಿನಿಂದ ತಟ್ಟಿ, ಮಗುಚಿ ಕೂರಿಸಿದೆ.